ಬಿಲ್ಲೇಪಾಳ್ಯದ ಬೈಲ ತಪಾಸಣೆಗೆ ಜನ ಕರೆದದ್ದು

ನಂಬಲ್ಲ ಅನ್ನೋರು ಈಗಲೇ ಎದ್ದು ಹೋಗಬಹುದು. ಆಮೇಲೆ ನಡುವೆ ಬಾಯಿ ಹಾಕಿ "ಇಂಥವನೂ ಇರ್ತಾನಾ" ಅಂದರೆ ಕತೆ ಹೇಳೋನು ಸುಮ್ಮನಿರೋ ಆಸಾಮಿ ಅಲ್ಲ. ನಮ್ಮ ಬಿಲ್ಲೇಪಾಳ್ಯದಲ್ಲಿ ಎಲ್ಲದೂ ಒಂದು ಕೈ ಮೇಲೇ. ನಮ್ಮೂರ ಹುಣಸೆಗೆ ಹುಳಿ ಜಾಸ್ತಿ. ನಮ್ಮೂರ ಟಗರು ಮೂರು ತಾಲ್ಲೂಕಲ್ಲಿ ಸೋತಿಲ್ಲ. ನಮ್ಮೂರ ಪೆದ್ದನ ಪಕ್ಕದಲ್ಲಿ ನಿಲ್ಲಿಸಿದರೆ ನಿಮ್ಮೂರ ಪೆದ್ದ ಮೇಷ್ಟ್ರ ಥರ ಕಾಣ್ತಾನೆ.

ನಮ್ಮ ಪೆದ್ದನ ಹೆಸರು ಬೈಲ. ವಯಸ್ಸು ಇಪ್ಪತ್ತನಾಲ್ಕು, ಎತ್ತಿನ ಮೈ, ಹಾಲಿನ ಮನಸ್ಸು. ಹೇಳಿದ್ದನ್ನ ಹೇಳಿದಂಗೇ ಮಾಡೋನು. ಒಂದು ಕೂದಲು ಹೆಚ್ಚಿಲ್ಲ, ಒಂದು ಕೂದಲು ಕಮ್ಮಿಯಿಲ್ಲ. ಅವನವ್ವ ಚಿಕ್ಕತಾಯಮ್ಮ ಊರಿನ ಆಶಾ ಕಾರ್ಯಕರ್ತೆ. ಬಸುರಿಯರಿಗೆ ಮಾತ್ರೆ, ಕೂಸುಗಳಿಗೆ ಪೋಲಿಯೋ ಹನಿ, ಮುದುಕರಿಗೆ ಬಿಪಿ ನೋಡೋದು, ಎಲ್ಲಾ ಅವಳೇ. ಊರು ಅವಳ ಮಾತನ್ನ ಅರ್ಧ ಕೇಳುತ್ತಿತ್ತು. ಪೂರ್ತಿ ಕೇಳೋನು ಮಗ ಒಬ್ಬನೇ. ಅದೇ ಅವಳ ಕಷ್ಟ.

ಆ ಸಲ ಸರ್ಕಾರದ ಆರ್ಡರು ಬಂತು. ಮೂವತ್ತು ದಾಟಿದ ಹೆಂಗಸರಿಗೆಲ್ಲಾ ಗರ್ಭಕೋಶದ ಕೊರಳಿನ ಕ್ಯಾನ್ಸರ್ ತಪಾಸಣೆ, ಶುಕ್ರವಾರ, ಊರ ಆರೋಗ್ಯ ಉಪಕೇಂದ್ರದಲ್ಲೇ. ದೀಪಾವಳಿ ಕಳೆದ ಮೇಲೆ ಹದಿನಾಲ್ಕು ತುಂಬಿದ ಹೆಣ್ಣುಮಕ್ಕಳಿಗೆ ಆ ರೋಗ ಬರದಂಗೆ ಶಾಲೆಯಲ್ಲಿ ಎಚ್‌ಪಿವಿ ಲಸಿಕೆ. ಚಿಕ್ಕತಾಯಮ್ಮನ ಕಣ್ಣು ಮಾತ್ರ ಒಬ್ಬಳ ಮೇಲಿತ್ತು, ಅಕ್ಕ ಹೊಂಬಾಳಮ್ಮನ ಮೇಲೆ. ಅವರಿಬ್ಬರ ತಾಯಿ ಅದೇ ರೋಗದಲ್ಲಿ ಹೋದವಳು; ಗೊತ್ತಾಗೋ ಹೊತ್ತಿಗೆ ಮೀರಿತ್ತು. ಈಗ ಹೊಂಬಾಳಮ್ಮನಿಗೆ ಮುಟ್ಟು ನಿಂತು ಆರು ವರ್ಷದ ಮೇಲೆ ಎರಡು ತಿಂಗಳಿಂದ ಮತ್ತೆ ಕೆಂಪು ಕಾಣ್ತಿತ್ತು. ಬಟ್ಟೆ ಒಗೆಯೋ ಕಲ್ಲಿನ ಹತ್ತಿರ ತಂಗಿಗೆ ಒಂದೇ ಒಂದು ಸಲ ಹೇಳಿ, ತನ್ನ ಬಾಯನ್ನ ತಾನೇ ಮುಚ್ಚಿಕೊಂಡಿದ್ದಳು.

ಭಾನುವಾರ ಕೆರೆ ಮೆಟ್ಟಿಲಲ್ಲಿ ಜಾರಿ ಚಿಕ್ಕತಾಯಮ್ಮನ ಕಾಲು ಉಳುಕಿತು. ಕಾಲಿನ ಗಿಣ್ಣು ಊದಿ ತೆಂಗಿನಕಾಯಿ ಆಯಿತು. ಬೇರೆ ದಾರಿ ಕಾಣದೆ "ಬೈಲಾ" ಅಂದಳು.

"ಏನವ್ವ?"

"ಮನೆಮನೆಗೂ ಹೋಗು ಮಗ. ಒಂದು ಮನೇನೂ ಬಿಡಬ್ಯಾಡ. ಶುಕ್ರವಾರ ಒಂಬತ್ತು ಗಂಟೆಗೆ ತಪಾಸಣೆ ಐತೆ, ಮೂವತ್ತು ದಾಟಿದ ಹೆಂಗಸ್ರು ಬನ್ನಿ ಅಂತ ಹೇಳು."

ಹೋದ. ಸೋಮವಾರ ಹಗಲು ಹನ್ನೊಂದು ಗಂಟೆ. ಊರಿಗೆ ಊರೇ ರಾಗಿ ಹೊಲದಲ್ಲಿ ಕಳೆ ಕೀಳ್ತಿತ್ತು. ಬೈಲ ಬೀಗ ಹಾಕಿದ ಮನೆ ಮುಂದೆ ನಿಂತ, ಕೈ ಮುಗಿದ, ಬಾಗಿಲಿಗೆ ಹೇಳಿದ. ಮುಂದಿನ ಮನೆಗೆ ಹೋದ, ಕೈ ಮುಗಿದ, ಬಾಗಿಲಿಗೆ ಹೇಳಿದ. ನೂರಾ ಹನ್ನೆರಡು ಬಾಗಿಲಿಗೆ ಹೇಳಿದ. ಗೋಡೆ ಬಿದ್ದ ಹಾಳುಮನೆಗೆ ಬಾಗಿಲೇ ಇರಲಿಲ್ಲ. ಕೇಳಿಸ್ತೋ ಇಲ್ಲವೋ ಅಂತ ಅದಕ್ಕೆ ಎರಡು ಸಲ ಹೇಳಿದ.

"ಆಯ್ತವ್ವ, ಒಂದು ಮನೇನೂ ಬಿಟ್ಟಿಲ್ಲ."

"ಏನಂದ್ರು ಮಗ?"

"ಯಾರೂ ಎದುರು ಮಾತಾಡ್ಲಿಲ್ಲ."

ವಿಷಯ ತಿಳಿದಾಗ ಚಿಕ್ಕತಾಯಮ್ಮ ಹಣೆ ಚಚ್ಚಿಕೊಂಡಳು. "ಬಾಗಿಲು ಎದ್ದು ಬಂದದೇನ್ಲಾ ತಪಾಸಣೆಗೆ? ಹೆಂಗಸ್ರು ಎಲ್ಲಿ ಗುಂಪಾಗಿ ಸೇರಿರ್ತಾರೋ ಅಲ್ಲಿಗೆ ಹೋಗು. ಎಲ್ಲರಿಗೂ ಕೇಳಂಗೆ ಗಟ್ಟಿಯಾಗಿ ಹೇಳು."

"ಹಂಗೇ ಆಗ್ಲವ್ವ."

ಮಾರನೇ ದಿನ ಹೆಂಗಸರು ಗುಂಪಾಗಿ ಸೇರಿದ್ದು ಹೊಂಬಾಳಮ್ಮನ ಮನೆಯಲ್ಲೇ. ಅವಳ ಮೊಮ್ಮಗಳು ಸಿಂಚನ ದೊಡ್ಡವಳಾಗಿದ್ದಳು, ಹುಡುಗಿಗೆ ಆರತಿ. ಹಸಿರು ಗರಿ ಚಪ್ಪರದಲ್ಲಿ ಹುಡುಗಿ ತಲೆ ತಗ್ಗಿಸಿ ಕೂತವಳೆ, ಹೆಂಗಸರು ಸೋಬಾನೆ ಹೇಳ್ತಾ ಅವರೆ, ಸೋದರಮಾವ ಎಳ್ಳು ಬೆಲ್ಲ ಕುಟ್ಟಿ ಕಟ್ಟಿದ ಚಿಗಳಿ ಉಂಡೆ ತಟ್ಟೆ ಹಿಡಿದು ಒಳಕ್ಕೆ ಬರ್ತಾ ಅವನೆ. ಬೈಲ ಒರಳುಕಲ್ಲಿನ ಮೇಲೆ ಹತ್ತಿ ನಿಂತ. ಹೊಲದಿಂದ ಕಾಡುಹಂದಿ ಓಡಿಸೋ ಗಂಟಲಲ್ಲಿ ಶುರು ಮಾಡಿದ.

"ಶುಕ್ರವಾರ ಒಂಬತ್ತು ಗಂಟೆ. ಗರ್ಭಕೋಶದ ಕೊರಳು ತೋರಿಸಬೇಕು. ಮೂವತ್ತು ದಾಟಿದ ಯಾವಳೂ ತಪ್ಪಿಸ್ಕೊಬಾರ್ದು. ನಮ್ಮ ದೊಡ್ಡವ್ವನೂ ಬರ್ಬೇಕು. ಅವಳಿಗೆ ಮೂವತ್ತು ದಾಟಿ ಇಪ್ಪತ್ತೈದು ವರ್ಷ ಆಗೈತೆ."

ಸೋಬಾನೆ ನಿಂತಿತು. ಸೋದರಮಾವನ ತಟ್ಟೆ ಅಲ್ಲೇ ಜಾರಿ ಚಿಗಳಿ ಉರುಳಿತು. ಹೆಂಗಸರ ಸೆರಗು ಮುಖದ ಮೇಲಕ್ಕೆ ಹೋಯಿತು. ಹೊಂಬಾಳಮ್ಮ ಕಡೆಗೋಲು ಹಿಡಿದು ಹೊರಗೆ ಬಂದಳು.

"ಸತ್ತರೂ ಆ ಆಸ್ಪತ್ರೆ ಕಡೆ ತಲೆ ಹಾಕಿ ಮಲಗಲ್ಲ ಅಂತ ನಿಮ್ಮವ್ವನಿಗೆ ಹೇಳೋಗು."

ಬೈಲ ಹೋಗಿ ಹೇಳಿದ, ಒಂದಕ್ಷರ ಬಿಡದೆ. ಚಿಕ್ಕತಾಯಮ್ಮನ ಮುಖ ಬಿಳಿಚಿಕೊಂಡಿತು. ಯಾರು ಬರಬೇಕು ಅಂತ ಇಷ್ಟೆಲ್ಲಾ ಹೆಣಗಾಡ್ತಿದ್ದಳೋ ಅವಳೇ ಕೈ ತಪ್ಪಿದ್ದಳು.

"ನಿನ್ನ ಹೆತ್ತ ಹೊಟ್ಟೇಗೆ ಏನ್ ಹೇಳ್ಲಿ. ಇಂಥಾ ಮಾತನ್ನ ಒಬ್ಬೊಬ್ಬಳನ್ನೇ ಪಕ್ಕಕ್ಕೆ ಕರೆದು ಕಿವೀಲಿ ಹೇಳ್ಬೇಕು ಕಣ್ಲಾ. ಗುಟ್ಟಾಗಿ. ಯಾರಿಗೂ ಕೇಳಬಾರ್ದು."

"ಹಂಗೇ ಆಗ್ಲವ್ವ."

ಬುಧವಾರ ಜೋಳದ ಹೊಲದ ಬದುವಿನಲ್ಲಿ ಪೈಲ್ವಾನ್ ತಿರುಮಲೆಯ ಹೆಂಡತಿ ವಸಂತ ಹುಲ್ಲು ಕೊಯ್ತಿದ್ದಳು. ಬೈಲ ಆ ಕಡೆ ನೋಡಿದ, ಈ ಕಡೆ ನೋಡಿದ, ಬಗ್ಗಿ ಬಗ್ಗಿ ಹತ್ತಿರ ಹೋದ.

"ವಸಂತಕ್ಕ, ಒಸಿ ಪಕ್ಕಕ್ಕೆ ಬಾ. ಯಾರಿಗೂ ಹೇಳಬ್ಯಾಡ. ಶುಕ್ರವಾರ ಬೆಳಗ್ಗೆ ಬಂದ್ಬಿಡು. ನಾ ಕಾಯ್ತಿರ್ತೀನಿ."

ಜೋಳದ ನಡುವೆ ನೀರು ಕಟ್ಟುತ್ತಿದ್ದ ತಿರುಮಲೆಗೆ ಅದು ಕೇಳಿಸಿತು. ಹೊರಗೆ ಬಂದವನ ಕೈಯಲ್ಲಿ ಗುದ್ದಲಿ ಇತ್ತು. ಬೈಲ ಓಡಿದ. ಓಡೋದ್ರಲ್ಲೂ ನಮ್ಮೂರೋರೇ ಮುಂದು ಅನ್ನೋದಕ್ಕೆ ಹೇಳ್ತೀನಿ, ಎರಡು ಹೊಲ, ಒಂದು ಹಳ್ಳ, ಒಂದು ಮುಳ್ಳುಬೇಲಿ ದಾಟಿ ಮನೆ ಸೇರಿದ. ಓಡೋವಾಗಲೂ ಎದುರು ಸಿಕ್ಕ ಇನ್ನೊಬ್ಬ ಹೆಂಗಸಿನ ಕಿವಿಯಲ್ಲಿ ಹೇಳಿಯೇ ಬಂದ.

"ಏನಪ್ಪ ಇದು ಬೆನ್ನು ತುಂಬಾ?" ಅಂದಳು ಅವ್ವ.

"ಮುಳ್ಳವ್ವ. ತಿರುಮಲಣ್ಣನದು ಒಂದೇ ಏಟು ಬಿದ್ದಿದ್ದು."

"ಗಂಡಸ್ರಿಗೆ ಹೇಳ್ಬೇಕಾಗಿತ್ತು ಕಣೋ. ಮೊದ್ಲೇ ಅವರ ಕಿವಿಗೆ ಹಾಕಿದ್ರೆ ಅವರೇ ಒಪ್ಪಿ ದಾರಿ ಬಿಡ್ತಿದ್ರು. ನಾಳೆ ಹೋಗಿ ಗಂಡಸ್ರಿಗೆ ಹೇಳು."

"ಹಂಗೇ ಆಗ್ಲವ್ವ."

ಗುರುವಾರ ಸಂಜೆ ಟೀ ಅಂಗಡಿ ಮುಂದೆ ಗಂಡಸರೆಲ್ಲಾ ಕೂತಿದ್ದರು. ಬೈಲ ಹೇಳಿದ: ನಾಳೆ ಒಂಬತ್ತು ಗಂಟೆಗೆ ತಪಾಸಣೆ, ಮೂವತ್ತು ದಾಟಿದವರು ಬನ್ನಿ.

"ಅದು ಹೆಂಗಸ್ರಿಗಲ್ವೇನ್ಲಾ?" ಅಂದ ತಿರುಮಲೆ.

"ಗಂಡಸ್ರಿಗೆ ಹೇಳು ಅಂದ್ಲು ನಮ್ಮವ್ವ."

"ಹೆಂಗಸ್ರಿಗೆ ಬಸ್ಸು ಫ್ರೀ ಕೊಟ್ರು, ನಮಗೇನು ಕೊಟ್ರು ಅಂತಿದ್ವಿ" ಅಂದ ಒಬ್ಬ ಮುದುಕ. "ಈಗ ನಮಗೂ ಒಂದು ಬಂತು ನೋಡು. ಬಿಡಬಾರ್ದು ಕಣ್ರಪ್ಪ."

ಶುಕ್ರವಾರ ಡಾಕ್ಟ್ರಮ್ಮ ಜೀಪು ಇಳಿದು ನೋಡುತ್ತಾಳೆ, ಉಪಕೇಂದ್ರದ ಮುಂದೆ ನಲವತ್ತು ಜನ ಗಂಡಸರ ಸಾಲು. ಮೀಸೆ ತಿರುವಿದವರು, ಟವೆಲ್ ಕೊಡವಿ ಹೆಗಲಿಗೆ ಹಾಕಿದವರು, ಸ್ನಾನ ಮಾಡಿ ವಿಭೂತಿ ಇಟ್ಟವರು. ಸಾಲಿನ ತುದಿಯಲ್ಲಿ ಕೋಲೂರಿಕೊಂಡು ಕುಂಟುತ್ತಾ ಬಂದ ಚಿಕ್ಕತಾಯಮ್ಮ ನಿಂತಿದ್ದಳು. ಭೂಮಿ ಬಾಯಿ ಬಿಟ್ಟಿದ್ದರೆ ಒಳಕ್ಕೆ ಹೋಗೋಳು.

"ಯಾಕೆ ಬಂದಿದ್ದೀರಿ?" ಅಂದಳು ಡಾಕ್ಟ್ರಮ್ಮ.

"ತಪಾಸಣೆಗೆ ಕಣಮ್ಮ. ಎಲ್ಲಿ ಮಲಗಬೇಕು ಹೇಳಿ" ಅಂದ ತಿರುಮಲೆ.

ಡಾಕ್ಟ್ರಮ್ಮ ನಗಲಿಲ್ಲ. ಅವಳ ಗಟ್ಟಿತನ ಅದು. "ಗರ್ಭಕೋಶ ಇರೋರು ಕೈ ಎತ್ತಿ" ಅಂದಳು.

ಬೈಲ ಎರಡೂ ಕೈ ಎತ್ತಿದ. ಮಿಕ್ಕವರು ಮುಖ ಮುಖ ನೋಡಿಕೊಂಡರು. ತಿರುಮಲೆ ಮೆಲ್ಲಗೆ, "ನಮ್ಮ ಮನೇಲಿ ಒಬ್ಬಳಿಗೈತೆ ಕಣಮ್ಮ" ಅಂದ.

"ಹಂಗಾದ್ರೆ ಕೇಳಿ. ಅದರ ಕೊರಳಲ್ಲಿ ಹುಣ್ಣು ಹುಟ್ಟಿದರೆ ವರ್ಷಗಟ್ಟಲೆ ನೋವಿರಲ್ಲ, ಸದ್ದಿರಲ್ಲ. ಮೊದಲೇ ಕಂಡರೆ ವಾಸಿ ಆಗುತ್ತೆ. ನೋಡೋಕೆ ಐದು ನಿಮಿಷ ಸಾಕು. ನೋಡೋಳು ನಾನು, ಹೆಂಗಸು. ಪರದೆ ಐತೆ, ಬಾಗಿಲೈತೆ. ಈಗ ಹೋಗಿ, ಅವರ ಕೆಲಸ ನೀವು ಒಂದು ಗಂಟೆ ಮಾಡಿ, ಅವರನ್ನ ಕಳಿಸಿ."

ನಲವತ್ತು ಗಂಡಸರು ತಲೆ ತಗ್ಗಿಸಿ ಹೋದರು. ಬೇಕಾದರೆ ಬಂದು ಕೇಳಿ, ನಮ್ಮೂರಿನ ಚರಿತ್ರೆಯಲ್ಲಿ ಅವತ್ತೊಂದು ದಿನ ಗಂಡಸರು ಸಾರಿಗೆ ಒಗ್ಗರಣೆ ಹಾಕಿದರು. ಹೆಂಗಸರು ಒಬ್ಬೊಬ್ಬರೇ ಬಂದರು, ಆಮೇಲೆ ಗುಂಪಾಗಿ ಬಂದರು. ಒಳಗೆ ಹೋದವಳು ಹೊರಗೆ ಬಂದು "ಅಷ್ಟೇನಾ" ಅಂದಳು. ಅದನ್ನ ಕೇಳಿ ಇನ್ನಿಬ್ಬರು ಒಳಗೆ ಹೋದರು.

ಮಧ್ಯಾಹ್ನ ಆಯಿತು. ಹೊಂಬಾಳಮ್ಮ ಬರಲಿಲ್ಲ.

"ದೊಡ್ಡವ್ವನ ಮನೇಗೆ ಹೇಳ್ಲಿಲ್ವಾ?" ಅಂದಳು ಚಿಕ್ಕತಾಯಮ್ಮ.

"ಗಂಡಸ್ರಿಗೆ ಹೇಳು ಅಂದಿದ್ದೆ ನೀನು. ದೊಡ್ಡಪ್ಪನ ಸಮಾಧಿ ಹತ್ರ ಹೋಗಿ ಹೇಳ್ದೆ."

ಈ ಸಲ ಚಿಕ್ಕತಾಯಮ್ಮ ಬಯ್ಯಲಿಲ್ಲ. ಕಲ್ಲುಬೆಂಚಿನ ಮೇಲೆ ಕೂತು ಅತ್ತುಬಿಟ್ಟಳು. ಬೈಲನಿಗೆ ಅದು ಬಯ್ಗುಳಕ್ಕಿಂತ ಜಾಸ್ತಿ ತಾಕಿತು.

"ನಾನೇನ್ ಮಾಡ್ಲಿ ಹೇಳವ್ವ."

"ಹೋಗಿ ಅವಳ ಹೊಸಿಲ ಮುಂದೆ ಕೂತ್ಕೋ. ಅವಳು ಹೊರಡೋಗಂಟ ಏಳಬ್ಯಾಡ."

ಹೋದ. ಕೂತ. ನೆತ್ತಿ ಮೇಲೆ ಬಿಸಿಲು.

ಹೊಂಬಾಳಮ್ಮ ನೋಡಿಯೂ ನೋಡದಂಗೆ ರಾಗಿ ಕೇರಿದಳು. ಸ್ವಲ್ಪ ಹೊತ್ತಾದ ಮೇಲೆ, "ಏಳ್ಲಾ, ನೆರಳಿಗೆ ಬಾ" ಅಂದಳು.

"ನೀ ಹೊರಟ ಮೇಲೆ."

"ಮುದ್ದೆ ಇಕ್ಕಿದ್ದೀನಿ, ಹುರುಳಿಕಾಳು ಸಾರು. ಉಣ್ಣು ಬಾ."

"ನೀ ಹೊರಟ ಮೇಲೆ."

"ನೀರಾದ್ರೂ ಕುಡಿಯೋ ಮುಂಡೇದೆ."

"ಅವ್ವ ನೀರಿನ ಮಾತು ಹೇಳಿಲ್ಲ."

ಅವನ ತುಟಿ ಒಣಗಿತ್ತು. ಚಿಕ್ಕತಾಯಮ್ಮ ಕೂಲಿಗೆ ಹೋಗುತ್ತಿದ್ದ ಕಾಲದಲ್ಲಿ ಆ ತುಟಿಗೆ ಮುದ್ದೆ ಮುರಿದಿಟ್ಟವಳು ಹೊಂಬಾಳಮ್ಮನೇ.

"ನಾ ಇವತ್ತು ಹೊರಡದಿದ್ರೆ?"

"ಕೂತಿರ್ತೀನಿ."

"ನಾಳೆ?"

"ಕೂತಿರ್ತೀನಿ."

"ನಮ್ಮವ್ವ ಹೋದಂಗೆ ನಾನೂ ಹೋಗ್ಬಿಟ್ರೆ ಏನ್ ಮಾಡ್ತೀಯ?"

ಬೈಲ ತಲೆ ಕೆರೆದುಕೊಂಡ. "ಆಗ ನೀ ಹೊರಟಂಗೆ ಆಯ್ತಲ್ಲ ದೊಡ್ಡವ್ವ. ಎದ್ದು ಮನೇಗೆ ಹೋಗ್ತೀನಿ."

ಹೊಂಬಾಳಮ್ಮನ ಕೈಯಲ್ಲಿ ಮೊರ ನಿಂತಿತು. ಅವಳು ಒಳಗೆ ಹೋದಳು. ಮುಖ ತೊಳೆದಳು, ಸೀರೆ ಬದಲಾಯಿಸಿದಳು. ಊರಿಗೆಲ್ಲಾ ಡಂಗುರ ಹೊಡೆದವನ ಜೊತೆ ಬೀದಿಯಲ್ಲಿ ನಡೆಯೋಕೆ ನಾಚಿಕೆಯಾಗಿ ಹಿತ್ತಲ ಬಾಗಿಲಿಂದ ಹೊರಟಳು.

ಡಾಕ್ಟ್ರಮ್ಮ ನೋಡಿದಳು, ಕೇಳಿದಳು, ಚೀಟಿ ಬರೆದಳು. "ಕೊರಳಿಂದ ಒಂದು ಚೂರು ತೆಗೆದು ನೋಡಬೇಕು. ಸೋಮವಾರವೇ ಜಿಲ್ಲಾ ಆಸ್ಪತ್ರೆಗೆ ಹೋಗಿ, ನಾನೇ ಫೋನ್ ಮಾಡಿರ್ತೀನಿ." ಚಿಕ್ಕತಾಯಮ್ಮ ಆ ಚೀಟಿ ಮಡಚಿ ಅಕ್ಕನ ಸೆರಗಿನ ತುದಿಗೆ ಗಂಟು ಹಾಕಿದಳು.

ಸಂಜೆ ಹೊಂಬಾಳಮ್ಮ ಮುಂದಿನ ಬೀದಿಯಿಂದ ಮನೆಗೆ ಬಂದರೆ, ಬೈಲ ಬಾಗಿಲ ಕಡೆ ಮುಖ ಮಾಡಿಕೊಂಡು ಇನ್ನೂ ಕೂತವನೆ.

"ಏಳೋ, ನಾ ಹೋಗಿ ಬಂದಾಯ್ತು."

"ಸುಳ್ಳು. ದೊಡ್ಡವ್ವ ಒಳಗವಳೆ. ಹೊಸಿಲು ದಾಟಿಲ್ಲ."

ಎಷ್ಟು ಹೇಳಿದರೂ ಕೇಳಲಿಲ್ಲ. ಕೊನೆಗೆ ಹೊಂಬಾಳಮ್ಮ ಹಿತ್ತಲಿಂದ ಒಳಗೆ ಹೋಗಿ, ಮುಂಬಾಗಿಲಿಂದ ಅವನನ್ನ ದಾಟಿ ಹೊರಗೆ ಬಂದಳು. ಆಗ ಎದ್ದ. ನಾಲ್ಕು ಮುದ್ದೆ ಉಂಡ.

ಚೂರು ತೆಗೆದು ನೋಡಿದಾಗ ರೋಗ ಇತ್ತು, ಆದರೆ ಹುಟ್ಟಿದ ಜಾಗ ಬಿಟ್ಟು ಕದಲಿರಲಿಲ್ಲ. ಆಪರೇಷನ್ ಆಯಿತು. ದೀಪಾವಳಿ ಹೊತ್ತಿಗೆ ಹೊಂಬಾಳಮ್ಮ ಒಲೆ ಮುಂದೆ ಕೂತು ಎಲ್ಲರನ್ನೂ ಬಯ್ಯುವಷ್ಟು ಗಟ್ಟಿಯಾಗಿದ್ದಳು.

ಆಮೇಲೆ ಶಾಲೆಯಲ್ಲಿ ಲಸಿಕೆ. ಸಿಂಚನಳ ಕೈ ಹಿಡಿದು ಹೊಂಬಾಳಮ್ಮನೇ ಕರೆತಂದಳು. ಹುಡುಗಿಯರು ಸೂಜಿ ಕಂಡು ಗೋಡೆಗೆ ಅಂಟಿ ನಿಂತಿದ್ದರು.

"ಬೈಲಾ" ಅಂದಳು ಚಿಕ್ಕತಾಯಮ್ಮ, ಬುದ್ಧಿ ಬರದೆ. "ಮುಂದೆ ನಿಂತ್ಕೊಂಡು ಸಾಲು ಶುರು ಮಾಡು, ಅವ್ರಿಗೆ ಧೈರ್ಯ ಬರ್ಲಿ."

ಬೈಲ ಮುಂದೆ ನಿಂತ. ಅಂಗಿ ತೋಳು ಮಡಚಿದ. ನರ್ಸಮ್ಮನ ಕುರ್ಚಿಯಲ್ಲಿ ಕೂತ.

"ಇದು ಹದಿನಾಲ್ಕು ವರ್ಷದ ಹುಡುಗೀರಿಗೆ ಕಣಪ್ಪ."

"ಶುರು ಮಾಡು ಅಂದವ್ಳೆ ನಮ್ಮವ್ವ."

"ಎದ್ದೇಳು ಚಿಕ್ಕಪ್ಪ, ನಿಂದಾದ್ಮೇಲೆ ನಂದು ಅಂದ್ರೆ ಸಂಜೆ ಆಗ್ತದೆ" ಅಂದಳು ಸಿಂಚನ. ಹುಡುಗಿಯರೆಲ್ಲಾ ಬಿದ್ದು ಬಿದ್ದು ನಕ್ಕರು. ನಗ್ತಾ ನಗ್ತಾ ಸಿಂಚನ ತೋಳು ಕೊಟ್ಟಳು, ಹಿಂದಿನವಳೂ ಕೊಟ್ಟಳು, ಸೂಜಿ ಹೋಗಿದ್ದು ಬಂದಿದ್ದು ಯಾರಿಗೂ ಗೊತ್ತಾಗಲಿಲ್ಲ. ಬೈಲ ಮಾತ್ರ ಪಕ್ಕದ ಬೆಂಚಿನ ಮೇಲೆ ತೋಳು ಮಡಚಿಕೊಂಡೇ ಕೂತಿದ್ದ. ಪಾಪ ಅನ್ನಿಸಿ ನರ್ಸಮ್ಮ ಅವನ ತೋಳಿಗೂ ಒಂದಿಷ್ಟು ಹತ್ತಿ ಇಟ್ಟಳು.

"ಒತ್ತಿ ಹಿಡ್ಕೋ. ನಾ ಹೇಳೋಗಂಟ ಬಿಡಬ್ಯಾಡ" ಅಂದಳು. ಹೇಳೋದು ಮರೆತು ನಾಲ್ಕು ಗಂಟೆ ಬಸ್ಸಿಗೆ ಹೊರಟುಹೋದಳು.

ಒಂಬತ್ತು ದಿನ ಬೈಲ ಒಂದೇ ಕೈಯಲ್ಲಿ ಉಂಡ, ಒಂದೇ ಕೈಯಲ್ಲಿ ಹಸು ಕಟ್ಟಿದ, ಒಂದೇ ಕೈಯಲ್ಲಿ ನಮ್ಮೂರ ಟಗರಿನ ಕೊಂಬು ಹಿಡಿದ. ಹತ್ತನೇ ದಿನ ಚಿಕ್ಕತಾಯಮ್ಮ ನರ್ಸಮ್ಮನಿಗೆ ಫೋನ್ ಹಚ್ಚಿ ಅವನ ಕಿವಿಗಿಟ್ಟಳು.

ಇಷ್ಟೆಲ್ಲಾ ಮಾಡಿದವನಿಗೆ ಕೊನೆಗೆ ಕೊಟ್ಟದ್ದು ಒಂದು ಚೂರು ಹತ್ತಿ.