ಮುಂದಿನವಳ ಮುಂದೆ ಯಾರು?

ಗೂಡಿನ ದಾರಿ ತಪ್ಪಿದ ಇರುವೆಗಳು ಬೆಳಗಿನಿಂದ ಬಂಡೆಯ ಮೇಲೆ ಒಬ್ಬಳ ಹಿಂದೊಬ್ಬಳಂತೆ ಸುತ್ತು ಹಾಕುತ್ತಲೇ ಇದ್ದವು. ಬಿಸಿಲಿಗೆ ಎಷ್ಟೋ ಇರುವೆಗಳು ಕುಸಿದು ಬಿದ್ದದ್ದನ್ನು ಕಂಡು ಚೂಟಿ ಎಂಬ ಇರುವೆಗೆ ತಡೆಯಲಾಗಲಿಲ್ಲ.

"ಅಕ್ಕಾ, ಗೂಡಿನ ದಾರಿ ನಿನಗೆ ಗೊತ್ತೆ?" ಎಂದು ಮುಂದಿದ್ದವಳನ್ನು ಕೇಳಿದಳು.

"ನನ್ನ ಮುಂದಿನವಳಿಗೆ ಗೊತ್ತಿರುತ್ತದೆ."

"ಅವಳಿಗೆ ಹೇಗೆ ಗೊತ್ತು?"

"ಅವಳ ಮುಂದಿನವಳಿಂದ. ಎಲ್ಲರ ಮುಂದೆಯೂ ಒಬ್ಬಳಿದ್ದಾಳಲ್ಲ, ಮೊದಲನೆಯವಳು ಬೇರೆ ಯಾಕೆ ಬೇಕು?"

"ಯಾರಿಗೂ ಸ್ವಂತವಾಗಿ ಗೊತ್ತಿಲ್ಲದಿದ್ದರೆ ಸಾಲು ಎಷ್ಟು ಉದ್ದವಿದ್ದು ಏನು ಫಲ?" ಎಂದು ಚೂಟಿ ಸಾಲು ಬಿಟ್ಟು ಹೊರಗೆ ಕಾಲಿಟ್ಟಳು. ಒಂಟಿಯಾದೆನೆಂದು ಭಯವಾಯಿತು. ಆದರೂ ಮೀಸೆ ಎತ್ತಿ ಹುಡುಕುತ್ತ ಹೋದಳು. ಬಂಡೆಯ ಅಂಚಿನಲ್ಲಿ ಗಾಳಿಯೊಡನೆ ಒಂದು ವಾಸನೆ ಬಂತು. ಅದು ಸಾಲಿನಲ್ಲಿದ್ದ ಯಾರದೂ ಅಲ್ಲ, ಗೂಡು ಬಿಟ್ಟು ಕದಲದ, ಅವರೆಲ್ಲರ ತಾಯಿಯದು.

"ಸಿಕ್ಕಿತು, ಬನ್ನಿರೇ!"

ಸುತ್ತು ಒಡೆಯಿತು. ಇಡೀ ದಂಡು ಅವಳ ಹಿಂದೆ ಓಡಿತು. ಗೂಡು ಸೇರಿದೊಡನೆ ಎಲ್ಲರೂ ಚೂಟಿಯನ್ನು ಹೊತ್ತು ಕುಣಿದರು.

ಅಕ್ಕ ಮಾತ್ರ ತಾಯಿಯ ಬಳಿ ಹೋಗಿ, "ಅಮ್ಮಾ, ನೀನು ಯಾರನ್ನು ಹಿಂಬಾಲಿಸಿ ಬಂದೆ?" ಎಂದು ಕೇಳಿದಳು.

ತಾಯಿ ನಕ್ಕಳು. "ಯಾರನ್ನೂ ಇಲ್ಲ, ಮಗಳೇ. ನಾನು ಇಲ್ಲೇ ಇದ್ದೆ. ಅದಕ್ಕೇ ನೀವೆಲ್ಲ ಬಂದಿರಿ."