ಪಾಪಣ್ಣನ ತೂಕ

ಹೊಳೆ ದಂಡೆಯ ಗರಡಿಯಲ್ಲಿ ಉಸ್ತಾದ್ ಕರಿಯಪ್ಪನವರು ಕುಸ್ತಿ ಕಲಿಸುತ್ತಿದ್ದರು. ಅವರ ಮೀಸೆಯ ತುದಿಗೆ ಎಮ್ಮೆ ಕಟ್ಟಬಹುದಿತ್ತು. ಕಟ್ಟಿದವನು ನಾನೇ. ಸಂಜೆಯವರೆಗೆ ಎಮ್ಮೆ ಅಲ್ಲಾಡಲಿಲ್ಲ, ಉಸ್ತಾದರೂ ಅಲ್ಲಾಡಲಿಲ್ಲ.

ಅಲ್ಲಿ ಚಿಕ್ಕಲಿಂಗ ಎಂಬ ಶಿಷ್ಯನಿದ್ದ. ಬಲದಲ್ಲಿ ನನ್ನ ನಂತರದವನು. ಅಂದರೆ ನಾನು ಬಾರದ ದಿನ ಅವನೇ ಮೊದಲಿಗ. ನಾನು ಬಾರದ ದಿನಗಳೇ ಸ್ವಲ್ಪ ಹೆಚ್ಚು.

ಹೋದ ವರ್ಷದ ಹಬ್ಬದ ಕುಸ್ತಿಯಲ್ಲಿ ಮೇಲಿನ ಕೇರಿಯ ಪಾಪಣ್ಣ ಚಿಕ್ಕಲಿಂಗನ ಅಣ್ಣನನ್ನು ಎತ್ತಿ ಒಗೆದಿದ್ದ. ಆಮೇಲೆ ಅಣ್ಣನ ಬಲಗೈ ಎದೆಯಿಂದ ಮೇಲೆ ಏಳಲಿಲ್ಲ.

ಈ ವರ್ಷ ಪಾಪಣ್ಣನನ್ನು ತಾನೇ ಕೆಡವಬೇಕು. ಚಿಕ್ಕಲಿಂಗನಿಗೆ ಬೇರೆ ಆಸೆಯೇ ಇರಲಿಲ್ಲ.

ಆದರೆ ಕುಸ್ತಿಯಲ್ಲಿ ಬೇಕಾದವರ ಮೇಲೆ ಬೀಳುವ ಹಾಗಿಲ್ಲ. ಹಬ್ಬಕ್ಕೆ ಮುಂಚೆ ಜೋಡಿ ಕಟ್ಟುವ ದಿನ ಅಂತ ಒಂದಿದೆ. ಹಿರಿಯರು ಇಬ್ಬರನ್ನು ಎದುರುಬದುರು ನಿಲ್ಲಿಸಿ, ತೂಕ ನೋಡಿ, ತೋಳು ಮುಟ್ಟಿ, ಸರಿಸಮ ಅನ್ನಿಸಿದರೆ ಮಾತ್ರ ಕೈಗೆ ಕೈ ಕೂಡಿಸುತ್ತಾರೆ.

ಪಾಪಣ್ಣ ಗುಡಾಣ. ಚಿಕ್ಕಲಿಂಗ ಬಿಂದಿಗೆ.

ಅವನು ಉಸ್ತಾದರ ಮುಂದೆ ಹೋಗಿ ನಿಂತ. "ಮೈ ಬರಬೇಕು ಉಸ್ತಾದ್ರೇ. ಏನು ತಿನ್ಲಿ?"

"ನಿನ್ನೆ ತಿಂದದ್ದು ಎಲ್ಲಿಗೆ ಹೋಯ್ತು?"

ಹುಡುಗರೆಲ್ಲ ನಕ್ಕರು. ಚಿಕ್ಕಲಿಂಗ ನಗಲಿಲ್ಲ. ತಿಂದದ್ದು ಸಾಲದು ಅಂತ ಉಸ್ತಾದರು ಹೇಳಿದರು ಎಂದುಕೊಂಡ.

ಅಂದಿನಿಂದ ಶುರುವಾಯಿತು. ಬಾದಾಮಿ, ತುಪ್ಪ, ಬಾಳೆಹಣ್ಣು, ಪೇಟೆಯಿಂದ ತಂದ ಪ್ರೋಟೀನ್ ಪುಡಿಯ ಡಬ್ಬ. ಅವನು ಒಡೆದ ಮೊಟ್ಟೆಗಳ ಚಿಪ್ಪಿನಲ್ಲಿ ಇಡೀ ಗರಡಿಗೆ ಸುಣ್ಣ ಹೊಡೆಸಬಹುದಿತ್ತು. ತಿನ್ನುವುದರಲ್ಲಿ ನನ್ನನ್ನು ಮೀರಿಸಿದವನು ಈ ಸೀಮೆಯಲ್ಲಿ ಅವನೊಬ್ಬನೇ. ಅದನ್ನು ಒಪ್ಪಿಕೊಳ್ಳಲು ನನಗೆ ಹೊಟ್ಟೆ ಉರಿಯುತ್ತದೆ.

ಬೆಳಗ್ಗೆ ಎಲ್ಲರ ಜೊತೆ ಸಾಮು ಮಾಡುವನು. ಸಂಜೆ ಎಲ್ಲರೂ ಮನೆಗೆ ಹೊರಟ ಮೇಲೆ ಮತ್ತೆ ಬಂದು ಬಸ್ಕಿ ಹೊಡೆಯುವನು.

ಒಂದು ಸಂಜೆ ಉಸ್ತಾದರು ಬಾಗಿಲಲ್ಲಿ ನಿಂತು ನೋಡಿದರು. ಕುಸ್ತಿಯ ಕೆಮ್ಮಣ್ಣನ್ನು ಬೆಳಗ್ಗೆ ಅಗೆದು, ಮಜ್ಜಿಗೆ ಎಣ್ಣೆ ಕಲಸಿ, ಒದ್ದೆ ಗೋಣಿ ಹೊದಿಸಿಟ್ಟಿದ್ದರು.

"ಅದನ್ನ ಯಾಕ್ಲಾ ಮುಚ್ಚಿದೀವಿ?"

"ಮಣ್ಣು ಹದಕ್ಕೆ ಬರ್ಲಿ ಅಂತ, ಉಸ್ತಾದ್ರೇ."

"ಈಗ ಗೋಣಿ ತೆಗೆದು ಇನ್ನೊಂದು ಸಲ ಅಗೀಲಾ?"

"ಛೆ, ಕೆಡ್ತದೆ."

"ಹೂಂ," ಎಂದು ಉಸ್ತಾದರು ಹೊರಟುಹೋದರು.

ಚಿಕ್ಕಲಿಂಗ ಬಿಟ್ಟಲ್ಲಿಂದ ಬಸ್ಕಿ ಮುಂದುವರಿಸಿದ.

ಜೋಡಿ ಕಟ್ಟುವ ದಿನದ ಹಿಂದಿನ ದಿನ ಅಕ್ಕಿ ಮಂಡಿಯ ತಕ್ಕಡಿ ಹತ್ತಿ ಬಂದ. ಮುಖ ಊದಿತ್ತು, ಕಣ್ಣು ಕೆಂಪಗಿತ್ತು, ಆದರೂ ಹಲ್ಲು ಕಾಣುತ್ತಿತ್ತು.

"ಉಸ್ತಾದ್ರೇ, ಪಾಪಣ್ಣನಷ್ಟೇ ತೂಗ್ತೀನಿ. ಒಂದು ಗುಂಜಿ ಕಮ್ಮಿ ಇಲ್ಲ."

ಉಸ್ತಾದರು ಅಂಗಿ ಬಿಚ್ಚಿ ಕೆಮ್ಮಣ್ಣಿಗೆ ಇಳಿದರು. ಮೊಮ್ಮಕ್ಕಳ ಮದುವೆ ಮಾಡಿದ ವಯಸ್ಸು. "ಬಾ, ಹಿಡಿ."

ಚಿಕ್ಕಲಿಂಗ ಹಿಡಿದ. ಉಸ್ತಾದರು ಪಟ್ಟು ಹಾಕಲಿಲ್ಲ, ಎತ್ತಲಿಲ್ಲ, ಒಗೆಯಲಿಲ್ಲ. ಅವನ ಕತ್ತಿನ ಹಿಂದೆ ಅಂಗೈ ಇಟ್ಟು ಸುಮ್ಮನೆ ಸುತ್ತು ಹಾಕಿದರು, ದೇವಸ್ಥಾನದಲ್ಲಿ ಪ್ರದಕ್ಷಿಣೆ ಬರುವ ಹಾಗೆ.

ಮೂರನೇ ಸುತ್ತಿಗೆ ಚಿಕ್ಕಲಿಂಗ ಬಾಯಲ್ಲಿ ಉಸಿರಾಡುತ್ತಿದ್ದ. ಇನ್ನೆರಡು ಸುತ್ತಿಗೆ ಮಂಡಿಯೂರಿ ಕೂತ.

ಉಸ್ತಾದರು ಅವನ ಎದುರು ಕುಕ್ಕರುಗಾಲಲ್ಲಿ ಕೂತರು.

"ಯಾರನ್ನ ಹೊತ್ಕೊಂಡು ಓಡಾಡ್ತಿದೀಯ, ಮಗಾ?"

ಅವನು ಎರಡೂ ಕೈಯನ್ನು ಮಣ್ಣಿಗೆ ಊರಿದ.

ಮಾರನೆಯ ದಿನ ಕುಸ್ತಿ ಬಯಲಿನಲ್ಲಿ ಜನವೋ ಜನ. ಹಿರಿಯರು ತೂಕ ನೋಡಿದರು, ತೋಳು ಮುಟ್ಟಿದರು. "ಸರಿಸಮ," ಎಂದರು. "ಕರಿಯಪ್ಪ, ನಿನ್ನ ಒಪ್ಪಿಗೆ?"

"ಆಡೋನು ಅವನು. ಅವನನ್ನೇ ಕೇಳಿ."

ಪಾಪಣ್ಣ ಕೈ ಚಾಚಿದ. ಮುಂದಕ್ಕೆ ಬಾಗಿ, ಬೇರೆಯವರಿಗೆ ಕೇಳದ ಹಾಗೆ, "ಅಣ್ಣನ ಕೈ ಹೆಂಗೈತೆ?" ಎಂದ.

ಅಣಕವೇನೋ ಎಂದು ಚಿಕ್ಕಲಿಂಗ ತಲೆಯೆತ್ತಿ ನೋಡಿದ. ಅಣಕವಲ್ಲ.

"ಊಟಕ್ಕೆ ಕಷ್ಟ. ಎಡಗೈಲಿ ಮೆಲ್ಲಗೆ ಉಣ್ತಾನೆ," ಎಂದ.

ಪಾಪಣ್ಣ ನೆಲ ನೋಡಿದ. ಚಾಚಿದ ಕೈ ಮಾತ್ರ ಹಾಗೇ ಇತ್ತು.

ಚಿಕ್ಕಲಿಂಗ ತನ್ನ ಕೈಯನ್ನು ಅದರ ಹತ್ತಿರದವರೆಗೂ ಒಯ್ದ. ನಿಂತಲ್ಲೇ ಅವನು ಏದುಸಿರು ಬಿಡುತ್ತಿದ್ದ. ಕೈ ಹಿಂದಕ್ಕೆ ತೆಗೆದುಕೊಂಡು ಹಿರಿಯರಿಗೆ ನಮಸ್ಕಾರ ಮಾಡಿದ.

"ತಕ್ಕಡಿ ಸರಿಯಾಗೇ ಹೇಳ್ತು. ನಾನೇ ಸುಳ್ಳು ಹೇಳ್ದೆ, ಬಂದದ್ದು ತೂಕ, ಬಲ ಅಲ್ಲ. ಈ ಜೋಡಿ ಬೇಡ."

"ತುಪ್ಪ ಖಾಲಿ ಆಯ್ತೇನ್ಲಾ?" ಹಿಂದಿನಿಂದ ಯಾರೋ ಕೂಗಿದರು. ಬಯಲೆಲ್ಲ ನಕ್ಕಿತು. ನಾನು ಮಾತ್ರ ನಗಲಿಲ್ಲ, ಇದೊಂದು ಮಾತನ್ನು ನೀವು ಪೂರ್ತಿ ನಂಬಬೇಕು.

ಗುರುಶಿಷ್ಯರು ಹೊಳೆವರೆಗೂ ನಡೆದರು. ಉಸ್ತಾದರು ನೀರಿಗಿಳಿದು ಕಾಲು ತೊಳೆದುಕೊಂಡರು. ಚಿಕ್ಕಲಿಂಗ ದಡದಲ್ಲೇ ನಿಂತಿದ್ದ.

"ಹೆದರ್ಕೊಂಡ ಅಂತಾರೆ, ಉಸ್ತಾದ್ರೇ."

"ಅಂತಾರೆ."

"ಅಣ್ಣನೂ ಹಂಗೇ ಅಂದ್ಕೊಂಡ್ರೆ?"

ಉಸ್ತಾದರು ಮುಖಕ್ಕೆ ನೀರು ಎರಚಿಕೊಂಡರು, ಮೀಸೆ ಹಿಂಡಿಕೊಂಡರು.

"ಹಸಿವಾಗ್ತೈತಾ?"

ಚಿಕ್ಕಲಿಂಗ ಹೊಟ್ಟೆ ಮುಟ್ಟಿ ನೋಡಿಕೊಂಡ.

"ಆಗ್ತೈತೆ. ಹಸಿವಾಗಿ ಬಹಳ ದಿನ ಆಗಿತ್ತು."

"ಹಂಗಾದ್ರೆ ಮನೆಗೆ ಹೋಗು. ಅಣ್ಣನ ಪಕ್ಕ ಕೂತು ಉಣ್ಣು. ಅವನು ಎದ್ದ ಮೇಲೆ ಏಳು."