ಕೈಪಿಡಿಯ ಏಳನೆಯ ಸಾಲು

ಈ ಪ್ರಸಂಗವನ್ನು ನನಗೆ ಮೊದಲು ಹೇಳಿದವರು ನಮ್ಮ ಬೀಗರು ಹಾಲಪ್ಪನವರು.

ಹುಬ್ಬಳ್ಳಿಯ ಒಂದು ಸಾಫ್ಟ್‌ವೇರ್ ಕಚೇರಿ. ಹೊಸ ಸಾಫ್ಟ್‌ವೇರನ್ನು ಗ್ರಾಹಕರಿಗೆ ಬಿಡುಗಡೆ ಮಾಡುವ ಕೆಲಸ ಇನ್ನು ಎಐ ಏಜೆಂಟಿನದು ಎಂದಾಯಿತು. ಆ ಯಂತ್ರ ಓದಿಕೊಂಡು ನಡೆಯಬೇಕಾದ ಕೈಪಿಡಿಯನ್ನು ಬರೆಯಬೇಕಾದವಳು ಅಲ್ಲಿನ ಉದ್ಯೋಗಿ ಕಾತ್ಯಾಯಿನಿ.

ಮ್ಯಾನೇಜರ್ ಪರಮೇಶ್ವರಯ್ಯ ಗುಡುಗಿದರು: "ನೋಡಮ್ಮ, ಇಲ್ಲಿ ನಡೆಯುವುದನ್ನೆಲ್ಲ ನಡೆದಂತೆಯೇ ಬರೆ. ಒಂದು ಬಿಟ್ಟರೂ ನಾಳೆಯಿಂದ ಕೆಲಸಕ್ಕೆ ಬರಬೇಡ."

ಆಕೆ ದೇವರನ್ನು ನೆನೆದು ಎಲ್ಲವನ್ನೂ ಬರೆದಳು. ಸಾಹೇಬರು ಓದದೆಯೇ ಸಹಿ ಹಾಕಿದರು.

ಬಿಡುಗಡೆಯ ದಿನ ಅತಿಥಿಗಳ ಮುಂದೆ ಅವರು "ಈಗಲೇ ಬಿಡು!" ಎಂದು ಏಜೆಂಟಿಗೆ ಅಪ್ಪಣೆ ಕೊಟ್ಟರು.

ಪರದೆಯ ಮೇಲೆ ಉತ್ತರ ಮೂಡಿತು: "ಕಾಯುತ್ತಿದ್ದೇನೆ. ಕೈಪಿಡಿಯ ಏಳನೆಯ ಸಾಲು: ಸಾಹೇಬರು ‘ಈಗಲೇ’ ಎಂದರೆ ಅರ್ಧ ಗಂಟೆ ತಡೆಯಬೇಕು. ಅಷ್ಟರೊಳಗೆ ಅವರೇ ‘ನಿಲ್ಲಿಸು’ ಎನ್ನುತ್ತಾರೆ."

ಅತಿಥಿಗಳು ನಗು ತಡೆಯಲು ಕೆಮ್ಮಿದರು.

"ಏನಮ್ಮ ಇದು?"

"ನಡೆಯುವುದನ್ನೇ ಬರೆದೆ ಸಾರ್. ಬಿಟ್ಟಿದ್ದರೆ ಕೆಲಸ ಹೋಗುತ್ತಿತ್ತಲ್ಲ."

"ಸುಳ್ಳು! ನಾನು ಹಾಗೆ ಅನ್ನುವವನೇ ಅಲ್ಲ" ಎನ್ನುತ್ತ ಪರದೆಯತ್ತ ಬೆರಳು ತೋರಿಸಿದವರು ಅಲ್ಲೇ ಬೆಚ್ಚಿದರು. ಉತ್ತರದ ಪಕ್ಕದಲ್ಲೇ ಕಾಣುತ್ತಿದ್ದ ಹೊಸ ಸಾಫ್ಟ್‌ವೇರಿನ ಮೊದಲ ಪುಟದಲ್ಲಿ ಲಾಗಿನ್ ಬಟನ್ನೇ ಇರಲಿಲ್ಲ. "ಅಯ್ಯೋ, ನಿಲ್ಲಿಸು, ನಿಲ್ಲಿಸು!"

"ನಿಲ್ಲಿಸಿದೆ" ಎಂದಿತು ಏಜೆಂಟು. "ಈ ಸಲ ನಾಲ್ಕೇ ನಿಮಿಷ ಹಿಡಿಯಿತು. ಕೈಪಿಡಿಯನ್ನು ತಿದ್ದಲೇ?"

ಕಾತ್ಯಾಯಿನಿಯ ಕೆಲಸ ಉಳಿಯಿತು, ಏಳನೆಯ ಸಾಲೂ ಉಳಿಯಿತು. ಓದಿದವರು ಇನ್ನೊಬ್ಬರಿಗೆ ಹೇಳಿ. ಹಾಲಪ್ಪನವರ ಹೆಸರನ್ನು ಮಾತ್ರ ಬಿಡಬೇಡಿ.